ಅಯುತ್ತಯದಲ್ಲಿ ತುಂಬಿಸಿಕೊಂಡ ಡಬ್ಬ

ಗುಬ್ಬಿ

ಥಾಯ್ಲೆಂಡಿಗೆ ಒಬ್ಬಳೇ ಹೋಗಿಬರುವುದೆಂದು ತೀರ್ಮಾನಿಸಿದ್ದೆ. ಗುಬ್ಬಿಯ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಅಪ್ಪ ಪೇಪರ್ ಮಡಚಿಟ್ಟು ಹಿತ್ತಲಿಗೆ ಹೋದರು. ಅಮ್ಮ ಚೇಳೂರಿಗೆ ಫೋನ್ ಮಾಡಿದಳು. ಮರುದಿನ ಬೆಳಗಿನ ಬಸ್ಸಿಗೆ ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಒಂದು ಕೈಯಲ್ಲಿ ಎಳನೀರಿನ ಚೀಲ, ಇನ್ನೊಂದರಲ್ಲಿ ಮಂಡಿಯನ್ನು ಹಿಡಿದುಕೊಂಡು ಬಂದಿಳಿದಳು.

"ಏನೇ, ಬ್ಯಾಂಕಾಕಿಗಂತೆ?"

"ಕೆಲಸ ಇದೆ ದೊಡ್ಡಮ್ಮ."

"ಇರ್ಲಿ ಬುಡು. ಸಿಂಗಪುರಕ್ಕೆ ಅಂತ ಮಾಡಿಸಿದ್ದ ನನ್ನ ಪಾಸ್‌ಪೋರ್ಟು ಬೀರುನಲ್ಲಿ ಹಂಗೇ ಬಿದ್ದೈತೆ. ನಾನೂ ಬತ್ತೀನಿ. ನಿನ್ನ ಕಾಯಾಕಲ್ಲ ಕಣೆ, ಅಲ್ಲೂ ತೆಂಗು ಬೆಳೀತಾರಂತೆ, ಅದನ್ನ ನೋಡಾಕೆ."

ಅವಳು ಕಾಯುವುದಕ್ಕೇ ಬರುತ್ತಿದ್ದಾಳೆಂದು ಇಬ್ಬರಿಗೂ ಗೊತ್ತಿತ್ತು. ನಾನು ವಾದ ಮಾಡುವವಳಲ್ಲ. ಟಿಕೆಟ್ ಎರಡಾಯಿತು.

ನನ್ನ ಕೆಲಸವೇನೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ತುಮಕೂರಿನ ಒಂದು ಕಾನೂನು ಕಾಲೇಜಿನಲ್ಲಿ ಅಪರಾಧ ಕಾನೂನು ಕಲಿಸುತ್ತೇನೆ. ಹಿಂದಿನ ವರ್ಷ ಕುಣಿಗಲ್ ಕಡೆಯ ಮುದುಕರೊಬ್ಬರ ಮೊಕದ್ದಮೆಯನ್ನು ಕೋರ್ಟಿನಲ್ಲಿ ಕೂತು ಕೇಳಿದ್ದೆ. ರಾಗಿ ಹೊಲದಲ್ಲಿ, ಅವರೆ ತೊಗರಿಯ ಅಕ್ಕಡಿ ಸಾಲಿನ ನಡುವೆ, ಅವರು ಕೆಲವು ಗಾಂಜಾ ಗಿಡ ಬೆಳೆಸಿದ್ದರು. ಬೆಳೆಸಿದ್ದು ತಪ್ಪೇ. ಆದರೆ ಎಷ್ಟು ದೊಡ್ಡ ತಪ್ಪು ಎಂಬ ವಾದ ತೂಕದ ಮೇಲೆ ನಿಂತಿತ್ತು. ನಮ್ಮ ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂ ಬಿಟ್ಟ ತುದಿ. ಆ ತುದಿಯ ಜೊತೆ ಸೇರದ ಬರೀ ಎಲೆ, ಬರೀ ಬೀಜ, ಆ ಮಾತಿನೊಳಗೆ ಬರುವುದಿಲ್ಲ. ಆ ಕೇಸಿನಲ್ಲಿ ಮಾತ್ರ ಪೊಲೀಸರು ಗಿಡಗಳನ್ನು ಬೇರಿನ ಮಣ್ಣು ಸಮೇತ ತೂಗಿದ್ದರು. ಮುದುಕರು ಕಟಕಟೆಯ ಕಂಬಿಯನ್ನು ಹಿಡಿದುಕೊಂಡು, ಮಣ್ಣಿಗೂ ಶಿಕ್ಷೆಯೇ ಎಂಬಂತೆ ನೋಡುತ್ತಿದ್ದರು.

ಅದೇ ಗಿಡವನ್ನು ಥಾಯ್ಲೆಂಡಿನ ಸರ್ಕಾರ ಕೆಲವೇ ವರ್ಷಗಳ ಹಿಂದೆ ಮಾದಕವಸ್ತುಗಳ ಪಟ್ಟಿಯಿಂದ ತೆಗೆದು, ಸಸಿ ಮಾಡಿ, ಮನೆಗಳಿಗೆ ಹಂಚಿತ್ತು. ಈಗ ಮತ್ತೆ ಹಿಂದಕ್ಕೆ ಸರಿಯುತ್ತಿದೆ ಎಂದು ಸುದ್ದಿ. ಒಂದು ದೇಶ ಹೇಗೆ ಹೌದೆಂದು, ಹೇಗೆ ಅಲ್ಲವೆನ್ನುತ್ತದೆ ಎಂಬುದನ್ನು ಅದು ಅನ್ನುತ್ತಿರುವಾಗಲೇ ಹೋಗಿ ನೋಡಬೇಕು ಅನ್ನಿಸಿತ್ತು. ಮನೆಯಲ್ಲಿ "ಕಾನೂನಿನ ಅಧ್ಯಯನ" ಎಂದಷ್ಟೇ ಹೇಳಿದ್ದೆ.

ಬ್ಯಾಂಕಾಕ್

ಹೋಟೆಲಿನಿಂದ ಹೊರಟು ಮೂಲೆ ತಿರುಗುವಷ್ಟರಲ್ಲಿ ದೊಡ್ಡಮ್ಮನಿಗೆ ಎಲ್ಲ ಗೊತ್ತಾಗಿಹೋಯಿತು. ಅವಳು ನಿಂತು, ಮೂಗರಳಿಸಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಇದೇನೇ ಇದು, ನಡುರೋಡಲ್ಲಿ ಭಂಗಿ ವಾಸನೆ! ನಮ್ಮೂರ ಮಂಟಪದಲ್ಲಿ ಬೈರಾಗಿಗಳು ಬಂದು ಉಳ್ಕೊಂಡಾಗ ಹಿಂಗೇ ಬತ್ತಿತ್ತು."

ಎದುರಿಗೆ ಅಂಗಡಿಯಿತ್ತು. ಗಾಜಿನ ಬಾಗಿಲು, ಒಳಗೆ ಆಭರಣದಂಗಡಿಯ ಹಾಗೆ ಬೆಳಕು, ಮೇಲೆ ಹಸಿರು ಎಲೆಯ ಚಿತ್ರ. ಪಕ್ಕದ್ದೂ ಅದೇ. ಅದರಾಚೆಯದಕ್ಕೆ ಷಟರ್ ಎಳೆದಿತ್ತು. ನಮ್ಮ ತುಮಕೂರಿನ ಎಂ.ಜಿ. ರಸ್ತೆಯಲ್ಲಿ ಬಟ್ಟೆ ಅಂಗಡಿಗಳಿರುವ ಹಾಗೆ ಆ ಬೀದಿಯಲ್ಲಿ ಇವು. ಪಟ್ಟಿಯಿಂದ ತೆಗೆದ ಮೇಲೆ ನಾಯಿಕೊಡೆಯಂತೆ ಎದ್ದವು, ಹೊಸ ನಿಯಮ ಬಂದ ಮೇಲೆ ಒಂದೊಂದಾಗಿ ಮುಚ್ಚುತ್ತಿವೆ. ಈಗ ವೈದ್ಯರ ಚೀಟಿಯಿಲ್ಲದೆ ಹೂವನ್ನು ಮಾರುವಂತಿಲ್ಲ.

ಅಂಗಡಿಯ ಹುಡುಗಿಗೆ ನನ್ನ ವಯಸ್ಸೇ. ಇಂಗ್ಲಿಷ್ ಚೆನ್ನಾಗಿತ್ತು. ನಾನು ಪರಿಚಯ ಹೇಳಿಕೊಂಡಾಗ ನಕ್ಕು ಕುರ್ಚಿ ಎಳೆದಳು. ಮೊದಲು ಇದೇ ಅಂಗಡಿಯನ್ನು ತೋರಿಸಲು ಅಧಿಕಾರಿಗಳೇ ಅತಿಥಿಗಳನ್ನು ಕರೆತರುತ್ತಿದ್ದರಂತೆ. "ನಾನು ಬದಲಾಗಿಲ್ಲ. ಅಂಗಡಿ ಬದಲಾಗಿಲ್ಲ. ಬೆಳಿಗ್ಗೆ ಎದ್ದಾಗ ನಾನು ವ್ಯಾಪಾರಿಯೋ ಅಪರಾಧಿಯೋ ಎಂದು ಫೋನ್ ನೋಡಿ ತಿಳಿದುಕೊಳ್ಳುತ್ತೇನೆ," ಎಂದಳು. ಮುಂದೆ ಏನೋ ಹೇಳಲಿದ್ದಳು. ಗಾಜಿನಾಚೆ ಸಮವಸ್ತ್ರದ ಒಬ್ಬ ಮನುಷ್ಯ ನಿಂತು ಬಾಗಿಲಿಗೆ ಅಂಟಿಸಿದ್ದ ಪರವಾನಗಿಯನ್ನು ಓದತೊಡಗಿದ. ಅವಳ ನಗು ಹಾಗೇ ಇತ್ತು, ಕಣ್ಣು ಮಾತ್ರ ಕದಲಲಿಲ್ಲ. ಅವನು ಓದಿ ಮುಗಿಸಿ ಹೋದ. ಆಮೇಲೆ ಅವಳು ಮಾತು ಮುಂದುವರಿಸಲಿಲ್ಲ.

ಹೊರಗೆ ಬಂದ ಮೇಲೆ ದೊಡ್ಡಮ್ಮ ಕೇಳಿದಳು: "ಇದ್ನೇನಾ ನೀನು ಓದೋದು?"

"ಹೂಂ."

"ನಿಮ್ಮಮ್ಮಂಗೆ ನಾನು ಹೇಳಲ್ಲ ಬುಡು," ಎಂದು ಸೆರಗು ಸರಿಮಾಡಿಕೊಂಡಳು.

ಅಯುತ್ತಯದ ರೈಲು

ಅಯುತ್ತಯ ಹಳೆಯ ರಾಜಧಾನಿ. ಅಯೋಧ್ಯೆಯ ಹೆಸರನ್ನೇ ಇಟ್ಟುಕೊಂಡ ಊರು ಎಂದಾಗ ದೊಡ್ಡಮ್ಮ ಚಪ್ಪಲಿ ಬಿಟ್ಟು ಕಾಲು ಮಡಚಿ ಕೂತಳು. ರೈಲಿನಲ್ಲಿ ಎದುರು ಸೀಟಿನವರು ಅನ್ನದ ಪೊಟ್ಟಣ ಬಿಚ್ಚಿ ಸದ್ದಿಲ್ಲದೆ ಉಂಡರು. ನಮ್ಮ ಅರಸೀಕೆರೆ ರೈಲಿನಲ್ಲಾದರೆ ಇಷ್ಟು ಹೊತ್ತಿಗೆ ಯಾರ ಮಗಳಿಗೆ ಯಾವ ಊರಿನ ಗಂಡು ಎಂಬುದರವರೆಗೆ ಬಂದಿರುತ್ತಿತ್ತು. ಇಲ್ಲಿ ಎಲ್ಲರೂ ನಗುತ್ತಾರೆ, ಯಾರೂ ಏನೂ ಕೇಳುವುದಿಲ್ಲ. ನನಗೆ ಅದು ಹಿತವಾಗಿತ್ತು. ದೊಡ್ಡಮ್ಮನಿಗೆ ಬಾಯಿ ನವೆಯಾಗುತ್ತಿತ್ತು. ಅದಕ್ಕೇ ನನ್ನನ್ನು ಹಿಡಿದಳು.

"ಹೇಳೇ ಮತ್ತೆ. ಒಂದ್ಸಲ ಬುಡ್ತಾರೆ, ಒಂದ್ಸಲ ಹಿಡೀತಾರೆ. ಯಾಕೆ?"

ಹೇಳಿದೆ. ಇಲ್ಲಿ ಇದನ್ನು ಕಂಚ ಎನ್ನುತ್ತಾರೆ, ನಮ್ಮ ಗಾಂಜಾದ ಹೆಸರೇ ಸಮುದ್ರ ದಾಟಿ ಬಂದದ್ದು. ಹಿಂದೆ ಇದು ಅಡಿಗೆಮನೆಯ ಸೊಪ್ಪು, ನಾಟಿ ವೈದ್ಯರ ಬೇರುಬುಟ್ಟಿಯ ಮದ್ದು. ಕೋಳಿ ಸಾರಿಗೂ ದೋಣಿಯಲ್ಲಿ ಮಾರುವ ಶಾವಿಗೆಯ ಸಾರಿಗೂ ನಾಲ್ಕು ಎಲೆ ಹಾಕುತ್ತಿದ್ದರು. ನಮ್ಮ ತಾತಂದಿರ ಕಾಲಕ್ಕೆ ಇಲ್ಲಿ ನಿಷೇಧ ಬಂತು, ಆಮೇಲೆ ಮಾದಕವಸ್ತುಗಳ ಕಾಯ್ದೆ ಬಂತು, ಜೈಲುಗಳು ತುಂಬಿದವು. ಮತ್ತೆ ಮದ್ದೆಂದು ಒಪ್ಪಿದರು, ಪಟ್ಟಿಯಿಂದಲೇ ತೆಗೆದರು, ಒಳಗಿದ್ದ ಸಾವಿರಾರು ಜನರನ್ನು ಬಿಟ್ಟರು. ಈಗ ಹೂವಿಗೆ ಮತ್ತೆ ಬೇಲಿ.

"ಹೂವಿಗಾ? ಸೊಪ್ಪಿಗೆ?"

"ಸೊಪ್ಪಿಗೆ ಇಲ್ಲ."

"ನಮ್ಮ ಕಡೆ?"

"ನಮ್ಮ ಕಾಯ್ದೆಯಲ್ಲೂ ಬರೀ ಸೊಪ್ಪು ಗಾಂಜಾ ಅಲ್ಲ."

"ಅಂದ್ರೆ ಸೊಪ್ಪಿಗೆ ಎಲ್ಲೂ ಕೇಸಿಲ್ಲ."

"ಹಾಗೆ ನೇರವಾಗಿ ಹೇಳೋಕಾಗಲ್ಲ ದೊಡ್ಡಮ್ಮ," ಎಂದು ಶುರು ಮಾಡಿದೆ. ಅಷ್ಟರಲ್ಲಿ ಕಿಟಕಿಯಾಚೆ ತೆಂಗಿನ ತೋಟ ಕಾಣಿಸಿತು. ಅವಳು ಆ ಕಡೆ ತಿರುಗಿ, ಮರಗಳನ್ನು ತೀರ ಒತ್ತಾಗಿ ಹಾಕಿದ್ದಾರೆಂದು ಬೈಯತೊಡಗಿದಳು. ನನ್ನ ಉಳಿದ ವಾಕ್ಯ ನನ್ನಲ್ಲೇ ಉಳಿಯಿತು.

ಪಾ ನೋಯ್ ಮನೆ

ನಾವು ಉಳಿದದ್ದು ನದಿಯ ದಂಡೆಯ ಒಂದು ಮರದ ಮನೆಯಲ್ಲಿ. ಮೇಲೆ ಎರಡು ಕೋಣೆ ಅತಿಥಿಗಳಿಗೆ, ಕೆಳಗೆ ಅಡಿಗೆ ಮತ್ತು ಬೆಕ್ಕುಗಳು. ಮನೆಯೊಡತಿಯನ್ನು ಬೀದಿಯವರೆಲ್ಲ ಪಾ ನೋಯ್ ಎನ್ನುತ್ತಿದ್ದರು. ಪಾ ಎಂದರೆ ಅಪ್ಪನ ಅಥವಾ ಅಮ್ಮನ ಅಕ್ಕ ಎಂದು ಫೋನಿನ ಅನುವಾದ ಹೇಳಿತು. ಅದನ್ನು ದೊಡ್ಡಮ್ಮನಿಗೆ ಹೇಳಿದೆ. ಅವಳು ತನ್ನೆದೆ ಮುಟ್ಟಿಕೊಂಡು "ನಾನೂ ಪಾ," ಎಂದಳು. ಅಲ್ಲಿಂದಾಚೆ ಅವರಿಬ್ಬರಿಗೆ ಅನುವಾದ ಬೇಕಾಗಲಿಲ್ಲ.

ಬಾಗಿಲ ಬದಿಯಲ್ಲಿ ನಾವು ತುಳಸಿ ಇಡುವ ಜಾಗದಲ್ಲಿ, ಎರಡು ದೊಡ್ಡ ಕುಂಡಗಳಲ್ಲಿ ಆ ಗಿಡಗಳಿದ್ದವು. ಸರ್ಕಾರ ಹಂಚಿದ ಸಸಿಯ ಸಂತಾನ. ಪಾ ನೋಯ್ ಅವುಗಳ ಎಲೆಯನ್ನು ಕರಿಬೇವು ಕೀಳುವ ಹಾಗೆ ಕಿತ್ತು ಸಾರಿಗೆ ಹಾಕುತ್ತಿದ್ದರು. ಮೊದಲ ಸಂಜೆ ಸಾರಿನ ಬಟ್ಟಲು ಎದುರಿಗೆ ಬಂದಾಗ ದೊಡ್ಡಮ್ಮ ಅನುಮಾನದಿಂದ ಮಾಂಸದ ತುಂಡನ್ನು ಎತ್ತಿ ಹಿಡಿದಳು. ಹಂದಿಯೋ ದನವೋ ಎಂಬ ಭಯ. ಕೇಳುವುದು ಹೇಗೆ? ಮೊಣಕೈ ಮಡಚಿ ಆಡಿಸಿ "ಕೊಕ್ಕೊಕ್ಕೋ?" ಎಂದಳು. ಪಾ ನೋಯ್ ಗಂಭೀರವಾಗಿ ತಲೆಯಾಡಿಸಿ, ತಾವೂ ಮೊಣಕೈ ಆಡಿಸಿ, ಬೇರೆಯದೇ ಸ್ವರದಲ್ಲಿ ಕೂಗಿದರು. ಆ ದೇಶದ ಕೋಳಿ ಹಾಗೆ ಕೂಗುತ್ತದೆಂದು ಕಾಣುತ್ತದೆ. ದೊಡ್ಡಮ್ಮ ಉಂಡಳು. ರಾತ್ರಿ ಮಂಡಿ ನೋಯದೆ ನಿದ್ದೆ ಬಂತಂತೆ. ಸಾರಿನಿಂದಲೋ ನಕ್ಕದ್ದರಿಂದಲೋ ನಾನು ಹೇಳಲಾರೆ.

ಚೇಳೂರಿನಿಂದ ತಂದ ಕೊಬ್ಬರಿ ಮಿಠಾಯಿಯನ್ನು ಸ್ಟೀಲ್ ಡಬ್ಬದ ಸಮೇತ ದೊಡ್ಡಮ್ಮ ಅವರ ಕೈಗೆ ಕೊಟ್ಟಿದ್ದಳು. ಹೊರಡುವ ದಿನ ಬೆಳಿಗ್ಗೆ ಪಾ ನೋಯ್ ಡಬ್ಬ ತೊಳೆದು, ಒರೆಸಿ, ಹೊಳೆಯುವಂತೆ ಮಾಡಿ ತಂದುಕೊಟ್ಟರು. ಖಾಲಿ ಡಬ್ಬ. ದೊಡ್ಡಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಖಾಲಿ ಪಾತ್ರೆ ಇಸ್ಕೊಂಡು ಹೆಂಗೆ ಹೋಗ್ಲಿ? ಒಂದು ಚಿಟಿಕೆ ಸಕ್ಕರೆ ಹಾಕಿಕೊಡು ಅನ್ನು."

ನಮ್ಮಲ್ಲಿ ಪಕ್ಕದ ಮನೆಯಿಂದ ಬಂದ ಲೋಟವನ್ನೂ ಖಾಲಿ ವಾಪಸ್ ಮಾಡುವುದಿಲ್ಲ. ಏನೂ ಇಲ್ಲದಿದ್ದರೆ ಎರಡು ಕಾಳು ಸಕ್ಕರೆ. ಅದನ್ನು ಫೋನಿಗೆ ಹೇಳಿದೆ. ಫೋನು ಏನೆಂದು ಹೇಳಿತೋ, ಪಾ ನೋಯ್ ತಪ್ಪು ಮಾಡಿದವರಂತೆ ಕೈಮುಗಿದು ಡಬ್ಬ ಹಿಡಿದು ಒಳಗೆ ಓಡಿದರು. ಆಗ ಬೀದಿಯಲ್ಲಿ ನಮ್ಮ ಕಾರು ಬಂದು ನಿಂತು ಹಾರನ್ ಮಾಡಿತು. ನಾನು ಪೆಟ್ಟಿಗೆಗಳನ್ನು ಕಾರಿಗೆ ಸಾಗಿಸಲು ಹೋದೆ. ತಿರುಗಿ ನೋಡಿದಾಗ ಇಬ್ಬರು ಪಾಗಳೂ ಒಬ್ಬರ ಕೈ ಒಬ್ಬರು ಹಿಡಿದು ನಿಂತಿದ್ದರು. ದೊಡ್ಡಮ್ಮ ತನ್ನ ಬ್ಯಾಗಿನ ಜಿಪ್ಪನ್ನು ಆಗಲೇ ಎಳೆದಾಗಿತ್ತು.

ವಿಮಾನ ನಿಲ್ದಾಣ

ಬ್ಯಾಗುಗಳನ್ನು ಕೌಂಟರಿನಲ್ಲಿ ಕೊಟ್ಟು, ಹೊತ್ತು ಇದೆಯೆಂದು ಒಂದು ಬೆಂಚಿನ ಮೇಲೆ ಕೂತೆವು. ಎದುರಿನ ಕಂಬಕ್ಕೆ ಒಂದು ಫಲಕವಿತ್ತು. ಎಲೆಯ ಚಿತ್ರ, ಅದರ ಮೇಲೆ ಅಡ್ಡಲಾಗಿ ಕೆಂಪು ಗೀರು. ಇದನ್ನು ದೇಶದಿಂದ ಹೊರಗೆ ಒಯ್ಯುವುದು ಅಪರಾಧ ಎಂಬ ಅರ್ಥದ ಇಂಗ್ಲಿಷ್ ಸಾಲು.

"ಪಾ ಮನೆ ಬಾಗ್ಲಲ್ಲಿರೋ ಗಿಡದ್ದೇ ಅಲ್ವೇನೇ ಆ ಎಲೆ?" ಎಂದಳು ದೊಡ್ಡಮ್ಮ.

"ಹೌದು."

"ಯಾಕೆ ಕೆಂಪು ಗೆರೆ ಎಳ್ದವ್ರೆ?"

"ಆಚೆ ತಗೊಂಡು ಹೋಗಬಾರದು ಅಂತ."

ನಾನು ಅವಳ ಮುಖ ನೋಡಿದೆ. ಅವಳು ಫಲಕವನ್ನೇ ನೋಡುತ್ತಿದ್ದಳು.

"ಸೊಪ್ಪನ್ನೂವಾ?"

ಆ ಪ್ರಶ್ನೆ ಕೇಳಿದ ಮೇಲೆ ಮಿಕ್ಕದ್ದನ್ನು ನಾನು ಕೇಳಬೇಕಾಗಿರಲಿಲ್ಲ. ಆದರೂ ಕೇಳಿದೆ. "ದೊಡ್ಡಮ್ಮ, ಡಬ್ಬದಲ್ಲಿ ಏನಿದೆ?"

"ನೀನೇ ಹೇಳಿದ್ಯಲ್ಲೇ ರೈಲಲ್ಲಿ, ಸೊಪ್ಪಿಗೆ ಕೇಸಿಲ್ಲ ಅಂತ. ಮಂಡಿಗೆ ಆಯ್ತದೆ, ಸಾರಿಗೆ ಹಾಕ್ಕೋ ಅಂತ ಒಣಗಿಸಿದ್ದು ತುಂಬ್ಕೊಟ್ರು. ನೀನು ಕಾರಿನ ಹತ್ರ ಇದ್ದೆ."

"ಬರೀ ಸೊಪ್ಪಾ? ಹೂವೂ ಇತ್ತಾ?"

"ಒಣಗಿದ ಮೇಲೆ ಸೊಪ್ಪೇನು, ಹೂವೇನು! ಕನ್ನಡಕ ಎಲ್ಲಿ ಹಾಕಿದ್ದೆ ನಾನು?"

ತರಗತಿಯಲ್ಲಿ ನಾನು ಎಷ್ಟು ಸಲ ಪಾಠ ಮಾಡಿದ ವಾಕ್ಯ: ತುದಿಯೊಂದಿಗೆ ಸೇರಿರದ ಎಲೆ. ಒಂದೇ ಒಂದು ಮೊಗ್ಗು ಆ ಡಬ್ಬದಲ್ಲಿದ್ದರೆ ಸೊಪ್ಪೂ ಅದರ ಜೊತೆಗೇ ಸೇರಿಹೋಗುತ್ತದೆ. ಇಲ್ಲದಿದ್ದರೂ ಬೆಂಗಳೂರಿನಲ್ಲಿ ಬ್ಯಾಗು ಬಿಚ್ಚಿದವರು ಅಲ್ಲೇ ನಿಂತು ಎಲೆ ಬೇರೆ ಹೂವು ಬೇರೆ ಮಾಡಿ ನೋಡುವುದಿಲ್ಲ. ಪ್ರಯೋಗಾಲಯಕ್ಕೆ ಹೋಗುತ್ತದೆ. ವರದಿ ಬರುವವರೆಗೆ ಹಿಡಿಸಿಕೊಂಡವರು ಒಳಗಿರುತ್ತಾರೆ. ಬ್ಯಾಂಕಾಕಿನಿಂದ ಬರುವ ವಿಮಾನಗಳ ಮೇಲೆ ಎಂಥ ಕಣ್ಣಿದೆಯೆಂದು ಪತ್ರಿಕೆ ಓದುವವರಿಗೆಲ್ಲ ಗೊತ್ತು. ಇಲ್ಲಿಯೇ ಹೇಳಿಬಿಟ್ಟರೆ? ಹೊರಗೆ ಒಯ್ಯುವುದು ಇಲ್ಲೂ ತಪ್ಪು. ನಿನ್ನೆಯ ನಿಯಮ ಒಂದು, ಇವತ್ತಿನದು ಇನ್ನೊಂದು. ಅದನ್ನು ಕೇಳುವ ಅಧಿಕಾರಿ ಯಾವುದನ್ನು ಹಿಡಿಯುತ್ತಾರೋ ಆ ಅಧಿಕಾರಿಗೇ ಗೊತ್ತು.

"ಬ್ಯಾಗ್ ವಾಪಸ್ ತೆಗೆಸಬೇಕು," ಎಂದೆ.

"ಹುಚ್ಚೇನೇ ನಿಂಗೆ? ಹೋದ ಬ್ಯಾಗ್ ಕರೆಸಿ, ಬನ್ನಿ ನೋಡಿ ಅಂತ ತೋರಿಸ್ತಾರಾ ಯಾರಾದ್ರೂ? ಬಟ್ಟೆ ಮಧ್ಯೆ ಐತೆ. ಯಾರಾದ್ರೂ ಕೇಳಿದ್ರೆ ಮೆಂತ್ಯದ ಸೊಪ್ಪು ಅಂದ್ರಾಯ್ತು."

"ವಾಸನೆ ಬರುತ್ತೆ ದೊಡ್ಡಮ್ಮ. ನಾಯಿ ಇರುತ್ತೆ."

"ಇರ್ಲಿ ಬುಡು. ಹಿಡಿದ್ರೆ ನನ್ನ ಹಿಡೀಲಿ. ನಂಗೇನು, ಪರೀಕ್ಷೆ ಬರೀಬೇಕಾ, ಮದ್ವೆ ಆಗ್ಬೇಕಾ?"

"ನಿನ್ನ ಹಿಡಿಯಲ್ಲ. ಮೂರೂ ಬ್ಯಾಗು ನನ್ನ ಹೆಸರಲ್ಲಿ ಹಾಕಿದ್ದೀನಿ. ಡಬ್ಬದ ಮೇಲೂ ನನ್ನ ಹೆಸರೇ ಇದೆ."

ಅದು ನಿಜ. ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ದೊಡ್ಡಮ್ಮ ನನ್ನ ಮದುವೆಗೆಂದು ಪಾತ್ರೆ ಕೊಂಡು, ಹೆಸರು ಕೊರೆಸಿ, ಅಟ್ಟದ ಮೇಲಿಡುತ್ತಾ ಬಂದಿದ್ದಾಳೆ. ಮದುವೆ ಕಾಣದ ಪಾತ್ರೆಗಳನ್ನು ಈಚೆಗೆ ಒಂದೊಂದಾಗಿ ಬಳಸುತ್ತಿದ್ದಾಳೆ.

ಅವಳು ಬೆಂಚಿನ ಕೈ ಹಿಡಿದು ಎದ್ದಳು. ಮಂಡಿ ಲಟಕ್ಕೆಂದಿತು.

"ನಡಿ," ಎಂದಳು.

ಕೌಂಟರಿನ ಹುಡುಗನಿಗೆ ಬ್ಯಾಗು ಹಿಂದಕ್ಕೆ ಬೇಕು, ಒಯ್ಯಬಾರದ ವಸ್ತುವಿದೆ ಎಂದೆ. ಏನು ವಸ್ತು ಎಂದ. ಹೇಳಿದೆ. ಅವನು ನಗಲಿಲ್ಲ, ಗದರಲಿಲ್ಲ, ಫೋನ್ ಎತ್ತಿದ. ನಮ್ಮನ್ನು ಒಂದು ಸಣ್ಣ ಕೋಣೆಗೆ ಕರೆದೊಯ್ದರು. ಉದ್ದನೆಯ ಮೇಜು, ಎರಡು ಕುರ್ಚಿ. ಯಾರೂ ಕೂರಲು ಹೇಳದ್ದರಿಂದ ನಿಂತೇ ಇದ್ದೆವು. ಗೋಡೆಯ ಮೇಲಿನ ಪರದೆಯಲ್ಲಿ ನಮ್ಮ ವಿಮಾನದ ಸಾಲು ಹಸಿರಾಗಿತ್ತು. ಬ್ಯಾಗು ಬರುವ ಹೊತ್ತಿಗೆ ಅದು ಹಳದಿಯಾಗಿ, ಹತ್ತಲು ಕರೆಯುತ್ತಿತ್ತು.

ಅಧಿಕಾರಿ ಹೆಂಗಸು. ನರೆತ ಕೂದಲು, ಬಿಗಿಯಾದ ಗಂಟು. ಕೈಗವಸು ತೊಟ್ಟು ಡಬ್ಬವನ್ನು ಬಿಳಿ ಹಾಳೆಯ ಮೇಲೆ ಬಗ್ಗಿಸಿದರು. ಕಂದುಹಸಿರು ಚೂರುಗಳು, ಕಡ್ಡಿಗಳು. ಪೆನ್ನಿನ ತುದಿಯಿಂದ ಅವನ್ನು ಹರಡತೊಡಗಿದರು. ನಮ್ಮಲ್ಲಿ ಮೊರದ ಮೇಲೆ ಸೊಪ್ಪು ಸೋಸುವ ಹಾಗೆ. ಎಲೆ ಒಂದು ಕಡೆ, ಕಡ್ಡಿ ಒಂದು ಕಡೆ. ನಾನು ಆ ಪೆನ್ನಿನ ತುದಿಯನ್ನು ಬಿಟ್ಟು ಏನನ್ನೂ ನೋಡಲಿಲ್ಲ. ಎಲೆ. ಎಲೆ. ಕಡ್ಡಿ. ಎಲೆ. ಆಮೇಲೆ ಪೆನ್ನು ನಿಂತಿತು. ಒಣಗಿದ ಸಣ್ಣ ಗಂಟಿನಂಥದ್ದೊಂದನ್ನು ಅವರು ಬೇರೆಯಾಗಿ ಎಳೆದು ಇಟ್ಟರು. ಅದರ ಪಕ್ಕಕ್ಕೆ ಇನ್ನೊಂದನ್ನು.

ಹೂವು.

"ಯಾರು ಕೊಟ್ಟರು?" ಎಂದು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು.

ಚೀಟಿಯಿಲ್ಲದೆ ಹೂವು ಕೊಟ್ಟವರು ಈಗ ಈ ದೇಶದಲ್ಲಿ ಏನಾಗುತ್ತಾರೆಂದು ನನಗೆ ನಿಖರವಾಗಿ ಗೊತ್ತಿರಲಿಲ್ಲ. ಪಾ ನೋಯ್‌ಗೂ ಗೊತ್ತಿರಲಾರದು. ಕಂಡದ್ದನ್ನು ಕಂಡ ಹಾಗೆ ಹೇಳುವುದು ನನ್ನ ಸ್ವಭಾವ. ಹೇಳಲು ಬಾಯಿ ತೆರೆದಿದ್ದೆನೋ ಇಲ್ಲವೋ, ದೊಡ್ಡಮ್ಮ ನನ್ನನ್ನು ಮೊಣಕೈಯಿಂದ ಹಿಂದಕ್ಕೆ ತಳ್ಳಿ ಮೇಜಿನ ಮುಂದೆ ನಿಂತಳು.

"ಮೈ ಡಬ್ಬ," ಎಂದು ಎದೆ ಬಡಿದುಕೊಂಡಳು. "ಮೈ ಬ್ಯಾಗ್. ಶೀ ನೋ. ಐ."

"ಯೂ ಬೈ? ವೇರ್?"

"ನೋ ಬೈ. ನೀ ಪೇನ್. ಸೂಪ್." ಸೀರೆಯ ಮೇಲಿಂದಲೇ ಮಂಡಿಯನ್ನು ತೋರಿಸಿದಳು. ಅಷ್ಟಕ್ಕೆ ಅರ್ಥವಾಗುವುದೋ ಇಲ್ಲವೋ ಎಂದು ಮೊಣಕೈ ಮಡಚಿ ಆಡಿಸಿ, ಆ ಕೋಣೆಯಲ್ಲಿ, ಆ ಹೊತ್ತಿನಲ್ಲಿ, "ಕೊಕ್ಕೊಕ್ಕೋ ಸೂಪ್," ಎಂದಳು.

ಅಧಿಕಾರಿಯ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವರು ಎದ್ದು ಹೊರಗೆ ಹೋದರು. ಗಾಜಿನಾಚೆ ಇನ್ನೊಬ್ಬ ಅಧಿಕಾರಿಯೊಂದಿಗೆ ಮಾತಾಡುವುದು ಕಾಣುತ್ತಿತ್ತು. ಅವನು ಒಮ್ಮೆ ನಮ್ಮ ಕಡೆ ನೋಡಿದ. ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡಳು.

"ಪಾ ಹೆಸ್ರು ಹೇಳ್ಬೇಡ ಕಣೆ," ಎಂದಳು, ತುಟಿ ಅಲುಗಿಸದೆ.

"ಹೇಳಲ್ಲ."

ಅಧಿಕಾರಿ ಹಿಂದಿರುಗಿ, ನಮ್ಮಿಬ್ಬರ ಪಾಸ್‌ಪೋರ್ಟುಗಳ ಫೋಟೋ ತೆಗೆದುಕೊಂಡರು. ಹಾಳೆಯನ್ನು ಮಡಚಿ, ಸೊಪ್ಪು ಹೂವು ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಚೀಲಕ್ಕೆ ಸುರಿದು ಮೊಹರು ಹಾಕಿದರು. ಡಬ್ಬವನ್ನು ನನ್ನ ಕಡೆ ತಳ್ಳಿದರು. "ನನ್ನ ತಾಯಿಯೂ ಮಾಡುತ್ತಿದ್ದರು, ಆ ಸೂಪು," ಎಂದರು. "ಈಗ ನೀವು ಓಡಿ."

ಖಾಲಿ ಡಬ್ಬವನ್ನು ಬಟ್ಟೆಗಳ ನಡುವೆ ತುರುಕಿ ಬ್ಯಾಗನ್ನು ಮತ್ತೆ ಕೌಂಟರಿಗೆ ಕೊಟ್ಟೆವು. ಮಂಡಿನೋವಿನವಳು ಅಷ್ಟು ವೇಗವಾಗಿ ನಡೆದದ್ದನ್ನು ನಾನು ನೋಡಿರಲಿಲ್ಲ. ವಿಮಾನದಲ್ಲಿ ಕೂತ ಮೇಲೂ ಯಾರಾದರೂ ಬಂದು ಎಬ್ಬಿಸುತ್ತಾರೆಂದು ಬಾಗಿಲು ಮುಚ್ಚುವವರೆಗೆ ಇಬ್ಬರೂ ಬೆಲ್ಟು ಕಟ್ಟಲಿಲ್ಲ.

ಬೆಂಗಳೂರು

ಇಳಿದಾಗ ಇನ್ನೂ ಬೆಳಕಿತ್ತು. ಬ್ಯಾಗುಗಳು ಬಂದವು. ತಳ್ಳುಗಾಡಿಯ ಮೇಲೆ ಹೇರಿಕೊಂಡು ಹೊರಬಾಗಿಲ ಕಡೆ ಸರದಿಯಲ್ಲಿ ಸಾಗುತ್ತಿದ್ದೆವು. ಆಗ ನಾಯಿ ಬಂತು. ಕಂದುಬಣ್ಣದ, ತೆಳ್ಳನೆಯ, ತನ್ನ ಪಾಡಿಗೆ ತಾನು ಕೆಲಸ ಮಾಡುವ ನಾಯಿ. ಒಂದೊಂದೇ ಗಾಡಿಗೆ ಮೂಗಿಟ್ಟು ಬರುತ್ತಿತ್ತು. ನಮ್ಮ ಗಾಡಿಯ ಬಳಿ ನಿಂತಿತು. ಡಬ್ಬವಿದ್ದ ಬ್ಯಾಗಿಗೆ ಮೂಗೊತ್ತಿತು. ನಾನು ಗಾಡಿಯ ಹಿಡಿಯನ್ನು ಬಿಡಲೂ ಇಲ್ಲ, ಅಮುಕಲೂ ಇಲ್ಲ. ದೊಡ್ಡಮ್ಮ ಏನೋ ಪಠಿಸುತ್ತಿದ್ದಳು, ಯಡಿಯೂರು ದೇವರ ಹೆಸರಷ್ಟೇ ಕೇಳಿಸಿತು. ನಾಯಿ ಮುಂದಕ್ಕೆ ಹೋಯಿತು. ನಮ್ಮ ಮುಂದಿದ್ದ ಹುಡುಗಿಯ ಗಾಡಿಯ ಪಕ್ಕದಲ್ಲಿ ಸದ್ದಿಲ್ಲದೆ ಕೂತುಬಿಟ್ಟಿತು.

ನನ್ನ ವಿದ್ಯಾರ್ಥಿಗಳ ವಯಸ್ಸಿನವಳು. ಕೈಯಲ್ಲಿ ಆಟದ ಆನೆಯೊಂದಿತ್ತು, ಯಾರಿಗೋ ಉಡುಗೊರೆ. ಇಬ್ಬರು ಅಧಿಕಾರಿಗಳು ಬಂದರು, ಒಬ್ಬರು ಗಂಡಸು, ಒಬ್ಬರು ಹೆಂಗಸು. ಬ್ಯಾಗು ಯಾರದು ಎಂದರು.

"ನಂದೇ ಸಾರ್. ಆದ್ರೆ ಅದರಲ್ಲಿರೋ ತಿಂಡಿ ಪ್ಯಾಕೆಟ್ ನಂದಲ್ಲ ಸಾರ್, ಫ್ರೆಂಡ್ ಕೊಟ್ಟಿದ್ದು. ಇಲ್ಲಿ ಒಬ್ರಿಗೆ ಕೊಡು ಅಂತ."

ನಿಜವೋ ಸುಳ್ಳೋ. ಯಾವುದಾದರೂ ಅಷ್ಟೇ. ಡಬ್ಬ ತುಂಬಿಯೇ ಬಂದಿದ್ದರೆ ಇದೇ ಮಾತನ್ನು ಇದೇ ಜಾಗದಲ್ಲಿ ನಾನು ಹೇಳುತ್ತಿದ್ದೆ, ಇದೇ ಸ್ವರದಲ್ಲಿ. ಅವರು ಅವಳನ್ನು ಬದಿಯ ಕೋಣೆಯ ಕಡೆ ಕರೆದೊಯ್ಯತೊಡಗಿದರು. ಸರದಿ ಮುಂದಕ್ಕೆ ಹರಿಯಿತು. ಜನ ಅವಳನ್ನು ಬಳಸಿಕೊಂಡು ಹೋಗುತ್ತಿದ್ದರು. ದೊಡ್ಡಮ್ಮ ನನ್ನ ತೋಳು ಜಗ್ಗಿದಳು. ನಾನು ಹೊರಬಾಗಿಲನ್ನು ನೋಡಿದೆ, ಅದು ತೀರ ಹತ್ತಿರವಿತ್ತು.

ಅಪರಿಚಿತರೊಂದಿಗೆ ನಾನಾಗಿ ಮಾತಾಡುವವಳಲ್ಲ. ಗಾಡಿ ಬಿಟ್ಟು ಹೋದೆ.

"ನಿನ್ನ ಮೈ ಶೋಧಿಸೋ ಮುಂಚೆ," ಎಂದೆ ಅವಳಿಗೆ, "ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರಿಗೇ ಆಗಬೇಕು ಅಂತ ಕೇಳೋ ಹಕ್ಕು ನಿನಗಿದೆ. ಕೇಳು. ಹೆಂಗಸರೇ ಶೋಧಿಸಬೇಕು. ಓದದೆ ಯಾವುದಕ್ಕೂ ಸಹಿ ಹಾಕಬೇಡ."

ಗಂಡಸು ಅಧಿಕಾರಿ ನಿಂತರು. "ಯಾರು ಮೇಡಂ ನೀವು? ಇವರ ಜೊತೆ ಬಂದವರಾ?"

"ಅಲ್ಲ."

"ಮತ್ತೆ?"

"ಲಾ ಕಾಲೇಜಲ್ಲಿ ಪಾಠ ಮಾಡ್ತಾಳೆ ಸಾರ್," ಎಂದಳು ಹಿಂದಿನಿಂದ ದೊಡ್ಡಮ್ಮ. ಗಾಡಿಯನ್ನು ತಾನೇ ತಳ್ಳಿಕೊಂಡು ಬಂದಿದ್ದಳು. "ಬಾಯಿ ಸುಮ್ನಿರಲ್ಲ ಇವಳ್ದು."

ಹುಟ್ಟಿದಾರಭ್ಯ ನನ್ನ ಬಗ್ಗೆ ಯಾರೂ ಆಡದ ಮಾತು ಅದು.

"ಹಾಗಾದ್ರೆ ನಿಮ್ಮ ಬ್ಯಾಗೂ ಇಲ್ಲಿಡಿ," ಎಂದರು ಅವರು.

ಇಟ್ಟೆ. ಹೆಂಗಸು ಅಧಿಕಾರಿ ಹುಡುಗಿಯನ್ನು ಒಳಗೆ ಕರೆದೊಯ್ಯುವಾಗ ಅವಳು ಬದಿಯ ಬಾಗಿಲಲ್ಲಿ ನನ್ನ ಕಡೆ ತಿರುಗಿ ಏನೋ ಹೇಳಿದಳು. ಬಟ್ಟೆಗಳ ನಡುವಿನಿಂದ ಡಬ್ಬ ಹೊರಬಂತು. ಮುಚ್ಚಳ ತೆಗೆದು ಮೂಸಿದರು. ಮುಖ ಗಟ್ಟಿಯಾಯಿತು.

"ಏನಿತ್ತು ಇದರಲ್ಲಿ?"

ಇದ್ದದ್ದನ್ನು ಹೇಳಿದೆ. ಯಾರು ಕೊಟ್ಟರೆಂಬುದನ್ನು ಬಿಟ್ಟು ಎಲ್ಲವನ್ನೂ, ಬ್ಯಾಂಕಾಕಿನ ಆ ಕೋಣೆಯವರೆಗೆ. ಅವರು ಬ್ಯಾಗನ್ನು ತಳದವರೆಗೂ ತಡಕಿದರು, ಹೊಲಿಗೆ ಹೊಲಿಗೆ ಮುಟ್ಟಿ ನೋಡಿದರು. ಏನೂ ಇರಲಿಲ್ಲ. ಕೊನೆಗೆ ದೊಡ್ಡಮ್ಮನ ಕಡೆ ತಿರುಗಿದರು.

"ಇಲ್ಲಿಗೆ ತಂದಿದ್ರೆ ಏನಾಗ್ತಿತ್ತು ಗೊತ್ತಾ ಅಮ್ಮ?"

"ಗೊತ್ತು ಸಾರ್. ಇವತ್ತು ಮಧ್ಯಾಹ್ನ ಗೊತ್ತಾಯ್ತು."

ಹೋಗಿ ಎಂದು ಕೈ ಮಾಡಿದರು. ಹುಡುಗಿ ಹೋದ ಬಾಗಿಲು ಮುಚ್ಚಿಯೇ ಇತ್ತು. ಅವಳ ಗಾಡಿಯೂ ಇರಲಿಲ್ಲ.

ಬಾಡಿಗೆ ಕಾರು ನೆಲಮಂಗಲ ದಾಟಿದ ಮೇಲೆ ದೊಡ್ಡಮ್ಮ ಕೇಳಿದಳು.

"ಆ ಮಗೀಗೆ ನೀನು ಹೇಳಿದ್ದು ಕೇಳಿಸ್ತಾ?"

"ಕೇಳಿಸ್ತು ದೊಡ್ಡಮ್ಮ."

"ಬಾಗ್ಲ ಹತ್ರ ತಿರುಗಿ ಏನೋ ಅಂದ್ಳಲ್ಲ. ಏನಂದ್ಳು?"

ನಾನು ಕಿಟಕಿಯ ಗಾಜು ಏರಿಸಿದೆ. ಲಾರಿಗಳ ಸದ್ದು ಕಡಿಮೆಯಾಯಿತು.

"ಅಕ್ಕ, ಅಮ್ಮಂಗೆ ಒಂದು ಫೋನ್ ಮಾಡ್ತೀರಾ ಅಂದಳು. ನಂಬರ್ ಹೇಳೋಕೆ ಶುರು ಮಾಡಿದಳು. ಅರ್ಧ ಹೇಳುವಷ್ಟರಲ್ಲಿ ಬಾಗಿಲು ಹಾಕಿಬಿಟ್ಟರು."

ದೊಡ್ಡಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಅರ್ಧ ನಂಬರ್ ಈಗಲೂ ನನಗೆ ಬಾಯಿಪಾಠ ಬರುತ್ತದೆ.